ಹಣ ಕೊಟ್ಟವರ ಪಟ್ಟಿ ಬೇರೆಯೇ ಇರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಕುಂದಾಪುರದವರೊಬ್ಬರ ಪತ್ರ ಓದಿದೆ. ಟಿವಿಯ ಹಾಡಿನ ಸ್ಪರ್ಧೆಯಲ್ಲಿ ಹುಡುಗನೊಬ್ಬ ಹಾಡುತ್ತಿದ್ದರೆ ಅವನ ಅಂಗಿಯ ಎದೆಭಾಗವನ್ನು ಉದ್ದಕ್ಕೂ ಮಸುಕು ಮಾಡಿ ತೋರಿಸುತ್ತಾರೆ, ನೋಡಿ ನೋಡಿ ಕಣ್ಣು ನೋಯುತ್ತದೆ, ಅಂಗಿಯ ಮೇಲಿನ ಹೆಸರಿನಲ್ಲಿ ಮುಚ್ಚಿಡಬೇಕಾದಂಥದ್ದು ಏನಿದೆ ಎಂದು ಅವರು ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಮುಚ್ಚುವ ಕೆಲಸಕ್ಕೆ ಕೂಲಿ ಪಡೆಯುವವರಲ್ಲಿ ನಾನೂ ಒಬ್ಬ ಆಗಿರುವುದರಿಂದ ಉತ್ತರ ಬರೆಯುತ್ತಿದ್ದೇನೆ. ಪತ್ರ ಉದ್ದವಾಗುತ್ತದೆ. ಕತ್ತರಿ ನಿಮ್ಮ ಕೈಯಲ್ಲಿದೆ, ಆದರೆ ಕಾನೂನಿನ ಭಾಗವನ್ನು ಕತ್ತರಿಸಬೇಡಿ ಎಂದು ವಿನಂತಿ.

ನಾನು ಬೋರ್ಡ್ ಬರೆಯುವವ. ಅಂಗಡಿಗಳ ನಾಮಫಲಕ, ಖಾಸಗಿ ಬಸ್ಸುಗಳ ಹಣೆಬರಹ, ಬ್ರಹ್ಮಕಲಶೋತ್ಸವದ ಬಟ್ಟೆ ಬ್ಯಾನರು, ಗೋದಾಮುಗಳ ಗೋಡೆ. ಎನಾಮೆಲ್ ಡಬ್ಬಿ, ಸೀಮೆಸುಣ್ಣ ಸವರಿದ ನೂಲು, ನಾಲ್ಕು ಬ್ರಷ್ ಇದ್ದರೆ ಮಂಗಳೂರಿನಲ್ಲಿ ಮರ್ಯಾದೆಯಿಂದ ಬದುಕಬಹುದಾಗಿದ್ದ ಕಾಲವೊಂದಿತ್ತು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಅರ್ಧವಾಯಿತು, ಮತ್ತೆ ಕಾಲಾಯಿತು. ಆಗ ಕೈಹಿಡಿದದ್ದು ಶೂಟಿಂಗ್. ಬೆಂಗಳೂರಿನ ಸಿನಿಮಾ, ಧಾರಾವಾಹಿಯವರು ಕಡಲು, ಹಂಚಿನ ಮಾಡು, ತೆಂಗಿನ ತೋಟ ಹುಡುಕಿಕೊಂಡು ಇತ್ತ ಬರುತ್ತಾರೆ. ತುಳು ಸಿನಿಮಾದವರಂತೂ ಇಲ್ಲಿಯವರೇ. ಕಲಾ ನಿರ್ದೇಶಕರ ಕೈಕೆಳಗೆ ದಿನಗೂಲಿಗೆ ಒಬ್ಬ ಊರಿನ ಬೋರ್ಡಿನವ ಬೇಕೇ ಬೇಕು. ಇಲ್ಲದ ಪೊಲೀಸ್ ಠಾಣೆಗೆ ಫಲಕ, ಇಲ್ಲದ ಆಸ್ಪತ್ರೆಗೆ ಹೆಸರು, ಚುನಾವಣೆಯ ದೃಶ್ಯಕ್ಕೆ ಇಲ್ಲದ ಪಕ್ಷದ ಚಿಹ್ನೆ, ಇವನ್ನು ಬರೆಯುವುದು ಅರ್ಧ ಕೆಲಸ. ಇರುವ ಹೆಸರುಗಳನ್ನು ಅಡಗಿಸುವುದು ಉಳಿದರ್ಧ.

ಮೊದಲು ಕುಂದಾಪುರದವರಿಗೆ ಉತ್ತರ. ಅಂಗಿಯನ್ನು ಮಸುಕು ಮಾಡುವುದು ಮಾನಕ್ಕಾಗಿ ಅಲ್ಲ, ಲೆಕ್ಕಕ್ಕಾಗಿ. ಹತ್ತು ಸೆಕೆಂಡಿಗೆ ಇಷ್ಟು ರೂಪಾಯಿ ಎಂದು ಸಮಯ ಮಾರುವ ವಾಹಿನಿ, ಹಣ ಕೊಡದ ಅಂಗಿ ಕಂಪನಿಯನ್ನು ಇಡೀ ಹಾಡು ಮುಗಿಯುವವರೆಗೆ ಧರ್ಮಕ್ಕೆ ಏಕೆ ತೋರಿಸಬೇಕು? ಅಲ್ಲದೆ ಕಾರ್ಯಕ್ರಮದ ಮುಖ್ಯ ಪ್ರಾಯೋಜಕರು ಅದೇ ವ್ಯಾಪಾರದವರಾಗಿದ್ದರೆ ಎದುರಾಳಿಯ ಹೆಸರು ಕಂಡದ್ದಕ್ಕೆ ತಕರಾರು ಬರುತ್ತದೆ. ಅದೇ ವೇದಿಕೆಯಲ್ಲಿ ತೀರ್ಪುಗಾರರ ಮೇಜಿನ ಮೇಲಿನ ಲೋಟಗಳನ್ನು ಒಮ್ಮೆ ಗಮನಿಸಿ. ಮೂರು ಲೋಟ, ಮೂರರ ಹೆಸರೂ ನಮ್ಮ ಕಡೆಗೆ ತಿರುಗಿರುತ್ತದೆ. ಕುಡಿಯುವವರು ಬಲಗೈಯವರಾಗಲಿ ಎಡಗೈಯವರಾಗಲಿ, ಹಿಡಿಕೆ ಮಾತ್ರ ಒಂದೇ ದಿಕ್ಕಿಗೆ. ಕಾರ್ಯಕ್ರಮ ಮುಗಿಯುವವರೆಗೆ ಅದರಿಂದ ಯಾರೂ ಒಂದು ಗುಟುಕು ಕುಡಿಯುವುದಿಲ್ಲ. ಮಸುಕಾದ ಅಂಗಿಯ ಬಗ್ಗೆ ನನ್ನ ತಕರಾರಿಲ್ಲ. ಏನನ್ನೋ ಮುಚ್ಚಿದ್ದಾರೆ ಎಂಬುದಾದರೂ ನೋಡುವವರಿಗೆ ಗೊತ್ತಾಗುತ್ತದೆ. ನನ್ನ ತಕರಾರು ಇರುವುದು ಆ ಲೋಟದ ಬಗ್ಗೆ.

ಅಡಗಿಸುವ ಕೆಲಸ ಹೇಗಿರುತ್ತದೆ ಎಂದು ಹೇಳುತ್ತೇನೆ. ಬಂದರಿನ ಒಂದು ಓಣಿಯಲ್ಲಿ ನಾಯಕ ಓಡುವ ದೃಶ್ಯ. ಹಳೆಯ ಹಂಚಿನ ಗೋದಾಮುಗಳು, ತಲೆಹೊರೆ ಕಾರ್ಮಿಕರು, ಒಣಮೀನಿನ ವಾಸನೆ, ಎಲ್ಲ ನೈಜವಾಗಿ ಬರಬೇಕೆಂದು ನಿರ್ದೇಶಕರ ಆಸೆ. ಬೆಳಗಾಗುವ ಮೊದಲೇ ನಮಗೆ ಆದೇಶ: ಓಣಿಯಲ್ಲಿ ಓದಲು ಬರುವ ಹೆಸರು ಒಂದೂ ಉಳಿಯಬಾರದು. ಸಿಮೆಂಟ್ ಏಜೆನ್ಸಿಯ ಬೋರ್ಡಿಗೆ ಗೋಣಿಚೀಲ ಇಳಿಬಿಟ್ಟೆವು. ತಂಪು ಪಾನೀಯದ ಫ್ರಿಜ್ಜನ್ನು ಗೋಡೆಯ ಕಡೆಗೆ ತಿರುಗಿಸಿದೆವು. ಸ್ಕೂಟರುಗಳ ಮೂತಿಗೆ ಕರಿ ಟೇಪು. ಶಟರಿನ ಮೇಲಿನ ಮೊಬೈಲ್ ಕಂಪನಿಯ ಬಣ್ಣಕ್ಕೆ ಮಣ್ಣು ಕಲಸಿದ ಡಿಸ್ಟೆಂಪರ್, ಆಮೇಲೆ ತೊಳೆದು ಕೊಡಬೇಕಲ್ಲ. ತುದಿಯಲ್ಲಿ ಒಂದು ಸಣ್ಣ ಹೋಟೆಲು. ಅದರ ಬೋರ್ಡು ನಾನೇ ಬರೆದದ್ದು, ಈಗಿನ ಯಜಮಾನರ ತಂದೆಯ ಕಾಲದಲ್ಲಿ. ಹಳದಿ ನೆಲ, ಕೆಂಪು ಅಕ್ಷರ, ಬಲಕ್ಕೆ ಕರಿ ನೆರಳು. ಅದನ್ನು ಮುಚ್ಚಿ ಅದರ ಮೇಲೆ ಒಂದು ಚಹಾಪುಡಿ ಕಂಪನಿಯ ಹೆಸರಿರುವ ಹೊಸ ವಿನೈಲ್ ಫಲಕ ಹೊಡೆಸಿದರು. ಆ ಕಂಪನಿ ಹಣ ಕೊಟ್ಟಿತ್ತು, ಓಣಿಯ ಉಳಿದವರು ಕೊಟ್ಟಿರಲಿಲ್ಲ.

ಹೋಟೆಲಿನ ಯಜಮಾನರು ಮುಂಬಯಿಯಲ್ಲಿರುವ ಅಣ್ಣನ ಮಕ್ಕಳಿಗೆಲ್ಲ ಫೋನ್ ಮಾಡಿ, ನಮ್ಮ ಹೋಟೆಲು ಸಿನಿಮಾದಲ್ಲಿ ಬರುತ್ತದೆ ಎಂದು ಹೇಳಿದ್ದರು. ಸಿನಿಮಾ ನೋಡಿ ಬಂದವರು ನನ್ನನ್ನು ತಡೆದು ನಿಲ್ಲಿಸಿ ಕೇಳಿದರು: ‘ಬೆಂಚು ನನ್ನದು, ಒಲೆ ನನ್ನದು, ಚಾ ಮಾಡಿದವ ನನ್ನ ಹುಡುಗ. ಹೆಸರು ಯಾರದ್ದು ಮಾರಾಯ್ರೆ?’ ಅವರಿಗೆ ಒಂದು ದಿನದ ಬಾಡಿಗೆ ಸಿಕ್ಕಿದೆ, ಆ ಮಟ್ಟಿಗೆ ಮೋಸವಾಗಿಲ್ಲ. ಅವರ ಹೆಸರು ಸಿನಿಮಾದಲ್ಲಿ ಇದೆ ಕೂಡ. ಆರಂಭದಲ್ಲಿ ‘ಕೃತಜ್ಞತೆಗಳು’ ಎಂದು ಸರಸರನೆ ಓಡುವ ಪಟ್ಟಿಯಲ್ಲಿ, ಪೊಲೀಸ್ ಇಲಾಖೆಯ ಕೆಳಗೆ, ಅದೇ ಚಹಾಪುಡಿ ಕಂಪನಿಯ ಮೇಲೆ.

ಈ ಪಟ್ಟಿಯ ವಿಷಯಕ್ಕೇ ನಾನು ಬರಬೇಕಾಗಿದ್ದದ್ದು. ಶೂಟಿಂಗಿಗೆ ಮನೆ ಬಿಟ್ಟುಕೊಟ್ಟವರು, ರಸ್ತೆ ತಡೆದ ಪೊಲೀಸರು, ಊಟ ಹಾಕಿದ ದೇವಸ್ಥಾನ, ಗಾಯವಾದಾಗ ಪಟ್ಟಿ ಕಟ್ಟಿದ ಡಾಕ್ಟರು, ಇವರೆಲ್ಲರ ನಡುವೆ ಲಕ್ಷಗಟ್ಟಲೆ ಕೊಟ್ಟು ತನ್ನ ಬಾಟಲಿಯನ್ನು ನಾಯಕಿಯ ಕೈಗೆ ಹಿಡಿಸಿದ ಕಂಪನಿಯೂ ಸೇರಿಕೊಂಡಿರುತ್ತದೆ. ಉಪಕಾರ ಮಾಡಿದವರು ಯಾರು, ವ್ಯಾಪಾರ ಮಾಡಿದವರು ಯಾರು ಎಂದು ಪ್ರೇಕ್ಷಕರು ತಿಳಿಯುವುದು ಹೇಗೆ? ನನ್ನ ಬೇಡಿಕೆ ಇಷ್ಟೇ: ಎರಡನ್ನೂ ಬೇರೆ ಮಾಡಿ. ದುಡ್ಡು ಪಡೆದು ಕಥೆಯೊಳಗೆ ತೋರಿಸಿದ ವಸ್ತುಗಳ ಹೆಸರು ಪ್ರತ್ಯೇಕವಾಗಿ, ಓದುವಷ್ಟು ಹೊತ್ತು, ಕನ್ನಡದಲ್ಲಿ ಬರಲಿ.

ಇದೇನು ದೊಡ್ಡ ವಿಷಯ ಎನ್ನುವವರಿಗೆ ಒಂದು ಎಣ್ಣೆ ಬಾಟಲಿಯ ಕಥೆ ಹೇಳಬೇಕು. ಉಡುಪಿಯ ಹತ್ತಿರದ ಒಂದು ಹಳೆಯ ಮನೆಯಲ್ಲಿ ಧಾರಾವಾಹಿಯ ಅಡುಗೆಮನೆ. ಅತ್ತೆ ಬೈಯುತ್ತಾರೆ, ಸೊಸೆ ಒಗ್ಗರಣೆ ಹಾಕುತ್ತಾಳೆ, ಅಷ್ಟೇ ದೃಶ್ಯ. ಕಪಾಟಿನಲ್ಲಿದ್ದ ಉಪ್ಪು, ಪುಡಿ, ಬೇಳೆಯ ಪೊಟ್ಟಣಗಳನ್ನೆಲ್ಲ ತೆಗೆದು ಸ್ಟೀಲ್ ಡಬ್ಬಿಗಳಿಗೆ ತುಂಬಿಸಿದೆವು, ಒಂದು ಹೆಸರೂ ಉಳಿಯದಂತೆ. ಒಲೆಯ ಪಕ್ಕದಲ್ಲಿ ಎಣ್ಣೆಯ ಬಾಟಲಿ ಒಂದೇ. ಅದರ ಲೇಬಲಿನ ಮೇಲೆ ಲೈಟು ಹೊಳೆದು ಅಕ್ಷರ ಕಾಣುತ್ತಿರಲಿಲ್ಲ. ಬಾಟಲಿಯ ಹಿಂಬದಿಗೆ ರಟ್ಟಿನ ಚೂರು ಕೊಟ್ಟು ಒಂದಿಷ್ಟೇ ಮುಂದಕ್ಕೆ ವಾಲಿಸಿದೆ, ಹೊಳಪು ಹೋಯಿತು. ಮಾನಿಟರಿನ ಹಿಂದೆ ಇಸ್ತ್ರಿ ಹಾಕಿದ ಅಂಗಿಯ ಯುವಕನೊಬ್ಬ ಕುಳಿತಿದ್ದ. ಅವನು ಯೂನಿಟಿನವನಲ್ಲ, ಕಂಪನಿಯ ಕಡೆಯವನು. ನಟಿ ಬಾಟಲಿ ಎತ್ತಿದಳು. ‘ಸರ್, ಹೆಸರಿನ ಮೇಲೆ ಬೆರಳು ಬಂತು’ ಎಂದ. ಇನ್ನೊಂದು ಟೇಕ್. ಕುತ್ತಿಗೆಯ ಬಳಿ ಹಿಡಿ ಎಂದರು, ಎಣ್ಣೆ ತುಂಬಿದ ಬಾಟಲಿಯನ್ನು ಯಾರು ಹಾಗೆ ಹಿಡಿಯುತ್ತಾರೆ? ಜಾರಿತು. ಅಳುವ ದೃಶ್ಯಕ್ಕೆ ಕಣ್ಣಿಗೆ ಹಾಕಿದ್ದ ಗ್ಲಿಸರಿನ್ ಆರಿತು, ಮತ್ತೆ ಹಾಕಿದರು. ಅತ್ತೆಯ ಪಾತ್ರದ ಹಿರಿಯ ನಟಿ ತಾಳ್ಮೆಯಿಂದ ಅದೇ ಬೈಗುಳವನ್ನು ಮತ್ತೆ ಮತ್ತೆ ಬೈದರು.

ಇಷ್ಟಕ್ಕೆ ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಮಧ್ಯಾಹ್ನದ ಮೇಲೆ ಆ ಹಿರಿಯ ನಟಿಗೆ ಹೊಸ ಮಾತಿನ ಹಾಳೆ ಬಂತು. ಮನೆಗೆ ಬಂದ ಡಾಕ್ಟರ್ ಪಾತ್ರಧಾರಿ ಎಣ್ಣೆಯ ಹೆಸರು ಹಿಡಿದು, ಇದನ್ನೇ ಬಳಸಿ, ರಾಯರ ಎದೆಗೂ ಒಳ್ಳೆಯದು ಎನ್ನಬೇಕು, ಅತ್ತೆ ತಲೆಯಾಡಿಸಬೇಕು. ‘ನಿನ್ನೆ ಇದು ಇರಲಿಲ್ಲವಲ್ಲ’ ಎಂದು ಅವರು ಕೇಳಿದರು. ‘ಇವತ್ತು ಬೆಳಿಗ್ಗೆ ಬಂತಮ್ಮ’ ಎಂದು ಪ್ರೊಡಕ್ಷನ್ ಮ್ಯಾನೇಜರ್ ಹೇಳಿ ಆಚೆ ಹೋದರು.

ಉದ್ಯಾವರದಲ್ಲಿ ನನ್ನ ಅಕ್ಕ ಇದ್ದಾಳೆ, ಹೃದಯದ ತೊಂದರೆಗೆ ಮಾತ್ರೆ ನುಂಗುವವಳು. ಟಿವಿಯಲ್ಲಿ ಜಾಹೀರಾತು ಬಂದ ಕೂಡಲೇ ಎದ್ದು ಹೋಗಿ ಹಾಲಿಗೆ ಹೆಪ್ಪು ಹಾಕುವುದೋ ಬೆಕ್ಕಿಗೆ ಅನ್ನ ಇಡುವುದೋ ಮಾಡುತ್ತಾಳೆ. ಜಾಹೀರಾತಿನವರ ಒಂದು ಮಾತನ್ನೂ ನಂಬುವವಳಲ್ಲ. ಆ ಕಂತು ಪ್ರಸಾರವಾದ ಮೇಲೆ ಅವಳ ಅಡುಗೆಮನೆಯಲ್ಲಿ ಅದೇ ಬಾಟಲಿ ಇತ್ತು. ಯಾಕೆ ಎಂದು ಕೇಳಿದರೆ, ‘ಡಾಕ್ಟರೇ ಹೇಳಿದರಲ್ಲ’ ಎಂದಳು. ಅವನು ಡಾಕ್ಟರಲ್ಲ, ಆ ಮಾತು ಕಥೆಯದ್ದೂ ಅಲ್ಲ ಎಂದು ನಾನು ವಿವರಿಸಿದೆ. ನಂಬಿದಳೋ ಇಲ್ಲವೋ, ಬಾಟಲಿಯಂತೂ ಖಾಲಿಯಾಗುವವರೆಗೆ ಅಲ್ಲೇ ಇತ್ತು. ದುಡ್ಡು ಕೊಟ್ಟು ತಂದ ಎಣ್ಣೆಯನ್ನು ನನ್ನ ಅಕ್ಕ ಚೆಲ್ಲುವವಳಲ್ಲ.

ಕಂಪನಿಗಳು ಕೊಳ್ಳುವುದು ಇದನ್ನೇ. ಜಾಹೀರಾತಿನಲ್ಲಿ ಹೇಳಿದರೆ ಜನ ಎದ್ದು ಹೋಗುತ್ತಾರೆ, ಪಾತ್ರದ ಬಾಯಲ್ಲಿ ಹೇಳಿಸಿದರೆ ಕೂತು ಕೇಳುತ್ತಾರೆ. ಜಾಹೀರಾತಿನಲ್ಲಿ ‘ಎದೆಗೆ ಒಳ್ಳೆಯದು’ ಎಂದರೆ ಆಧಾರ ಕೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಅದನ್ನೇ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಪ್ರಾಧಿಕಾರಕ್ಕಿದೆ. ಅತ್ತೆ ಸೊಸೆಯ ಮಾತಿನ ನಡುವೆ ಬಂದ ಸಾಲು ಜಾಹೀರಾತು ಎಂದು ಮೊದಲು ಗೊತ್ತಾದರೆ ತಾನೇ ದೂರು ಕೊಡುವುದು?

ಅಸಂಬದ್ಧಕ್ಕೂ ಮಿತಿ ಇಲ್ಲ. ಇನ್ನೊಂದು ಕಡೆ, ಮನೆಯ ಹಿರಿಯರು ತೀರಿಕೊಂಡು ಬೊಜ್ಜದ ಊಟಕ್ಕೆ ಅಡುಗೆಯಾಗುವ ದೃಶ್ಯದಲ್ಲಿ ಸಾಂಬಾರು ಪುಡಿಯ ಪೊಟ್ಟಣವನ್ನು ಬಾಳೆಲೆಯ ಕಟ್ಟಿನ ಮೇಲೆ ಇಡಿಸಿದರು. ಬೊಜ್ಜದ ಮನೆಗೆ ಪೊಟ್ಟಣದ ಪುಡಿ ತರುವವರು ನಮ್ಮ ಕಡೆ ಯಾರಿದ್ದಾರೆ ಎಂದು ಅಡುಗೆಯವರಾಗಿ ನಟಿಸಲು ಬಂದಿದ್ದ ನಿಜವಾದ ಅಡುಗೆ ಭಟ್ಟರು ಗೊಣಗಿದರು. ಅವರನ್ನು ಕೇಳುವವರಿರಲಿಲ್ಲ.

ಹಾಗೆಂದು ಲಾಂಛನ ಕಂಡಲ್ಲೆಲ್ಲ ಹೌಹಾರುವವ ನಾನಲ್ಲ. ಅದೇ ನನ್ನ ಕಸುಬು. ಹೆಸರುಗಳೇ ಇಲ್ಲದ ಪೇಟೆ ಪೇಟೆಯಲ್ಲ. ಹಂಪನಕಟ್ಟೆಯನ್ನು ಬೋರ್ಡುಗಳಿಲ್ಲದೆ ತೋರಿಸಿದರೆ ಅದು ಯಾವ ಊರು ಎಂದು ಮಂಗಳೂರಿನವನಿಗೇ ಗೊತ್ತಾಗಲಿಕ್ಕಿಲ್ಲ. ಕಥೆಗೆ ಬೇಕಾಗಿ ಬಂದ ಹೆಸರುಗಳೂ ಇರುತ್ತವೆ. 2000ದಲ್ಲಿ ಬಂದ ‘ಕ್ಯಾಸ್ಟ್ ಅವೇ’ ಎಂಬ ಇಂಗ್ಲಿಷ್ ಸಿನಿಮಾದಲ್ಲಿ ಫೆಡೆಕ್ಸ್ ಕೊರಿಯರ್ ಕಂಪನಿ ಉದ್ದಕ್ಕೂ ಇದೆ, ಅವರ ವಿಮಾನ ಸಮುದ್ರಕ್ಕೆ ಬೀಳುವುದೇ ಕಥೆಯ ಮೂಲ. ಕಂಪನಿ ಅದಕ್ಕೆ ಹಣ ಕೊಟ್ಟಿರಲಿಲ್ಲ. ನಮ್ಮಲ್ಲಿ 1973ರ ‘ಬಾಬಿ’ಯಲ್ಲಿ ಓಡಿದ ಪುಟ್ಟ ರಾಜ್‌ದೂತ್ ಬೈಕಿಗೆ ಜನ ‘ಬಾಬಿ’ ಎಂದೇ ಹೆಸರಿಟ್ಟರು. 2010ರಲ್ಲಿ ಹಿಂದಿ ಹಾಡೊಂದು ಝಂಡು ಬಾಮಿನ ಹೆಸರನ್ನು ಕೇಳದೆ ಬಳಸಿದ್ದಕ್ಕೆ ತಯಾರಕರು ನೋಟಿಸ್ ಕಳಿಸಿದ್ದರು. ಹಾಡು ಗೆದ್ದ ಮೇಲೆ ಅದರಲ್ಲಿ ಕುಣಿದ ನಟಿಯೇ ಅವರ ಪ್ರಚಾರಕ್ಕೆ ಬಂದರು. ವ್ಯಾಪಾರದವರ ಸಿಟ್ಟು ಎಷ್ಟು ಹೊತ್ತಿನದು ನೋಡಿ.

ಹಣ ಕೊಟ್ಟು ಕಥೆಯೊಳಗೆ ಬರುವ ದಾರಿ ಎಷ್ಟು ಲಾಭದ್ದು ಎಂದು ಜಗತ್ತಿಗೆಲ್ಲ ತೋರಿಸಿದ್ದು 1982ರ ‘ಇ.ಟಿ.’ ಇರಬೇಕು. ಅನ್ಯಗ್ರಹದ ಜೀವಿಯನ್ನು ಹುಡುಗ ಮಿಠಾಯಿ ಚೆಲ್ಲುತ್ತಾ ಮನೆಯೊಳಕ್ಕೆ ಕರೆತರುತ್ತಾನೆ. ಎಂ ಅಂಡ್ ಎಂಸ್ ಮಿಠಾಯಿಯ ಮಾರ್ಸ್ ಕಂಪನಿಯನ್ನು ಮೊದಲು ಕೇಳಿದ್ದರು, ಅವರು ಒಲ್ಲೆ ಎಂದರು. ಹರ್ಷಿ ಕಂಪನಿ ತನ್ನ ರೀಸಸ್ ಪೀಸಸ್ ಕೊಟ್ಟಿತು, ಜೊತೆಗೆ ಪ್ರಚಾರಕ್ಕೆ 10 ಲಕ್ಷ ಡಾಲರ್ ಖರ್ಚು ಮಾಡಲು ಒಪ್ಪಿತು. ಆ ಮಿಠಾಯಿಯ ಮಾರಾಟ ಏರಿದ ಕಥೆಯನ್ನು ಜಾಹೀರಾತಿನವರು ಈಗಲೂ ಹೇಳಿಕೊಳ್ಳುತ್ತಾರೆ. ಅವರು ಗುರಿಯಿಟ್ಟದ್ದು ಮಕ್ಕಳಿಗೆ ಎಂಬುದು ಮಾತ್ರ ಯಾರ ನೆನಪಿನಲ್ಲೂ ಇದ್ದಂತಿಲ್ಲ.

ಕೊಟ್ಟವರ ಹೆಸರು ಹೇಳಿದರೆ ಕಲೆ ಕೆಡುತ್ತದೆ ಎಂದು ಒಬ್ಬ ನಿರ್ದೇಶಕರು ನನ್ನೊಡನೆ ವಾದಿಸಿದ್ದರು. ಅವರು ಒಂದು ಹರಕೆಯ ಯಕ್ಷಗಾನ ಆಟಕ್ಕೆ ಬರಬೇಕು. ಕಟೀಲು, ಮಂದಾರ್ತಿ ಮೇಳದ ಬಯಲಾಟ ಆಡಿಸುವವರ ಹೆಸರು ಕರಪತ್ರದಲ್ಲೇ ಇರುತ್ತದೆ, ಮೈಕಿನಲ್ಲೂ ಹೇಳುತ್ತಾರೆ. ಈ ದಿನದ ಸೇವೆ ಇಂಥವರದ್ದು ಎಂದು ಬಯಲಲ್ಲಿ ಕೂತವರಿಗೆಲ್ಲ ಗೊತ್ತು. ಅದರಿಂದ ಮಹಿಷಾಸುರನ ಆರ್ಭಟಕ್ಕೆ ಒಂದಿಷ್ಟೂ ಕುಂದು ಬಂದಿಲ್ಲ. ಹಾಸ್ಯಗಾರ ನಡುವೆ ಊರಿನ ಒಂದು ಅಂಗಡಿಯ ಹೆಸರು ಎಳೆದು ತಂದರೂ ಜನ ನಗುತ್ತಾರೆ, ಏಕೆಂದರೆ ಆ ಅಂಗಡಿಯವರು ಮುಂದಿನ ಸಾಲಿನಲ್ಲೇ ಕೂತಿರುವುದು ಎಲ್ಲರಿಗೂ ಕಾಣುತ್ತದೆ. ರೇಡಿಯೊ ಕೂಡ ಹಾಗೇ ಇತ್ತು. 1952ರಲ್ಲಿ ರೇಡಿಯೊ ಸಿಲೋನಿನಲ್ಲಿ ಶುರುವಾದ ಚಿತ್ರಗೀತೆಗಳ ಕಾರ್ಯಕ್ರಮದ ಹೆಸರೇ ‘ಬಿನಾಕಾ ಗೀತಮಾಲಾ’. ದುಡ್ಡು ಹಲ್ಲಿನ ಪೇಸ್ಟಿನವರದ್ದು ಎಂದು ಹಾಡು ಕೇಳುವವರಿಗೆಲ್ಲ ತಿಳಿದಿತ್ತು. ತಿಳಿದೂ ಕೇಳಿದರು.

ಈಗ ಕಾನೂನು. ಮಗಳು ಮುದ್ರಿಸಿ ಕೊಟ್ಟದ್ದನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ್ದೇನೆ. ಟಿವಿಗೆ ಸಂಬಂಧಿಸಿದ 1994ರ ಕೇಬಲ್ ಟೆಲಿವಿಷನ್ ಜಾಲ ನಿಯಮಗಳಲ್ಲಿ ಏಳನೆಯದು ಜಾಹೀರಾತು ಸಂಹಿತೆ. ಜಾಹೀರಾತು ಕಾರ್ಯಕ್ರಮದಿಂದ ಸ್ಪಷ್ಟವಾಗಿ ಬೇರೆ ಎಂದು ಕಾಣಬೇಕು, ಕಾರ್ಯಕ್ರಮಕ್ಕೆ ಅಡ್ಡ ಬರಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ಪರದೆಯ ಕೆಳಭಾಗದಲ್ಲಿ ಪಟ್ಟಿ ಓಡಿಸುವುದು ಕೂಡ ಅಡ್ಡಿಯೇ ಎಂದು ಬಿಡಿಸಿ ಬರೆದಿದ್ದಾರೆ. ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರಬಾರದು, ಅದರಲ್ಲೂ 2 ನಿಮಿಷ ವಾಹಿನಿಯ ಸ್ವಂತ ಪ್ರಚಾರಕ್ಕೆ. ಒಗ್ಗರಣೆಯ ಪಕ್ಕದ ಬಾಟಲಿ ಈ 12 ನಿಮಿಷದ ಲೆಕ್ಕಕ್ಕೆ ಸೇರುತ್ತದೆಯೇ? ಡಾಕ್ಟರರ ಮಾತು? ತೀರ್ಪುಗಾರರ ಲೋಟ? ನಿಯಮ ಮಾಡಿದವರು ಇದಕ್ಕೆ ಉತ್ತರ ಹೇಳಬೇಕು. ಸಿನಿಮಾಕ್ಕಂತೂ, ಹಣ ಪಡೆದು ತೋರಿಸಿದ್ದನ್ನು ಪ್ರೇಕ್ಷಕರಿಗೆ ತಿಳಿಸಿ ಎಂಬ ಕಟ್ಟಳೆಯೇ ಇಲ್ಲ.

ಸರಕಾರಕ್ಕೆ ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೆ ತಂಬಾಕು ಸಾಕ್ಷಿ. ನಮ್ಮದು ಬೀಡಿಯ ಜಿಲ್ಲೆ. ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಹೆಂಗಸರು ಇಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಬೀಡಿ ಕಂಪನಿಗಳ ಗೋಡೆ ಬರಹ, ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ನಮ್ಮಂಥವರಿಗೆ ಖಾತ್ರಿಯ ಕೆಲಸವಾಗಿತ್ತು. 2003ರ ಕಾಯ್ದೆ 2004ರ ಮೇ 1ರಂದು ಜಾರಿಗೆ ಬಂದು ಆ ಗೋಡೆಗಳಿಗೆ ಸುಣ್ಣ ಬಳಿಸಿತು. ಹೊಟ್ಟೆ ಉರಿಯಿತು, ಇಲ್ಲವೆನ್ನಲಾರೆ. ಆದರೆ ಮುಂದೆ ಅದೇ ಕಾನೂನು ತೆರೆಯ ಮೇಲಕ್ಕೂ ಬಂತು. ಸೇದುವ ದೃಶ್ಯವಿದ್ದರೆ ಪರದೆಯ ಕೆಳಗೆ ಎಚ್ಚರಿಕೆ, ಸಿನಿಮಾದ ಆರಂಭದಲ್ಲೂ ನಡುವೆಯೂ 30 ಸೆಕೆಂಡಿನ ಆರೋಗ್ಯ ಸಂದೇಶ, ಪ್ಯಾಕಿನ ಮೇಲಿನ ಹೆಸರಿಗೆ ಮಸುಕು. 2023ರ ಸೆಪ್ಟೆಂಬರ್ 1ರಿಂದ ಒಟಿಟಿಗಳಿಗೂ ಇದೇ ನಿಯಮ. ಸಿನಿಮಾದವರು ಗೊಣಗಿದರು, ಕಲಾವಿದನ ಸ್ವಾತಂತ್ರ್ಯ ಎಂದರು, ಕೊನೆಗೆ ಹಾಕಿದರು. ಯಾರೂ ಟಾಕೀಸು ಬಿಟ್ಟು ಎದ್ದು ಹೋಗಲಿಲ್ಲ.

ಒಂದು ಸಿನಿಮಾ ಶುರುವಾಗುವ ಮೊದಲು ಈಗ ಏನೇನು ಬರುತ್ತದೆ ನೋಡಿ: ಸೆನ್ಸಾರ್ ಪ್ರಮಾಣಪತ್ರ, ತಂಬಾಕಿನ ಸಂದೇಶ, ಮದ್ಯಪಾನ ಹಾನಿಕರ ಎಂಬ ಸಾಲು, ಯಾವ ಪ್ರಾಣಿಗೂ ಹಿಂಸೆಯಾಗಿಲ್ಲ ಎಂಬ ಘೋಷಣೆ, ಪಾತ್ರಗಳೆಲ್ಲ ಕಾಲ್ಪನಿಕ ಎಂಬ ಹೇಳಿಕೆ. ಎತ್ತು, ಕೋಳಿಯ ವಿಷಯದಲ್ಲಿ ಇಷ್ಟು ಪ್ರಾಮಾಣಿಕರಾಗಿರುವವರಿಗೆ ಎಣ್ಣೆಯ ವಿಷಯದಲ್ಲಿ ಒಂದು ಕಾರ್ಡು ಭಾರವಾಗುತ್ತದೆಯೇ?

ಬ್ರಿಟನ್ನಿನಲ್ಲಿ 2011ರ ಫೆಬ್ರವರಿ 28ರವರೆಗೆ ಅಲ್ಲಿಯ ಟಿವಿ ಕಾರ್ಯಕ್ರಮಗಳಲ್ಲಿ ಹಣ ಪಡೆದು ವಸ್ತು ತೋರಿಸಲು ಅವಕಾಶವೇ ಇರಲಿಲ್ಲ. ಅಂದು ಬಿಟ್ಟುಕೊಟ್ಟರು, ಮೊದಲು ಕಂಡದ್ದು ಬೆಳಗಿನ ಕಾರ್ಯಕ್ರಮವೊಂದರ ಅಡುಗೆ ಕಟ್ಟೆಯ ಮೇಲೆ ಕುಳಿತ ಕಾಫಿ ಯಂತ್ರ. ಆದರೆ ಸುಮ್ಮನೆ ಬಿಟ್ಟುಕೊಡಲಿಲ್ಲ. ಇಂಗ್ಲಿಷಿನ ‘ಪಿ’ ಅಕ್ಷರದ ಗುರುತೊಂದು ಕಾರ್ಯಕ್ರಮದ ಆರಂಭಕ್ಕೆ, ಕೊನೆಗೆ, ಪ್ರತಿ ಜಾಹೀರಾತು ವಿರಾಮದ ನಂತರ ಕನಿಷ್ಠ 3 ಸೆಕೆಂಡು ಕಾಣಬೇಕು. ಸುದ್ದಿಯಲ್ಲಿ, ಮಕ್ಕಳ ಕಾರ್ಯಕ್ರಮದಲ್ಲಿ ಬಿಲ್ಕುಲ್ ಇಲ್ಲ. ಮದ್ಯ, ಜೂಜು, ಔಷಧಿ, ಶಿಶುಗಳ ಹಾಲಿನ ಪುಡಿ, ಕೊಬ್ಬು–ಉಪ್ಪು–ಸಕ್ಕರೆ ಹೆಚ್ಚಿರುವ ತಿಂಡಿಗಳನ್ನು ಅಲ್ಲಿಯ ಕಾರ್ಯಕ್ರಮಗಳಲ್ಲಿ ಹೀಗೆ ತೋರಿಸುವಂತಿಲ್ಲ. ನಮ್ಮಲ್ಲಿ ಮಕ್ಕಳ ಹಾಡಿನ, ಕುಣಿತದ ಸ್ಪರ್ಧೆಗಳಲ್ಲಿ ಬಿಸ್ಕತ್ತು, ಚಾಕೊಲೇಟು, ಸಿಹಿ ಪುಡಿಗಳ ಡಬ್ಬಿಯನ್ನೇ ಬಹುಮಾನವಾಗಿ ಮಗುವಿನ ಎರಡೂ ಕೈಗೆ ಕೊಟ್ಟು, ಹೆಸರು ಮುಂದಕ್ಕೆ ಬರುವಂತೆ ತಿರುಗಿಸಿ ನಿಲ್ಲಿಸುತ್ತಾರೆ. ಹಾಡಿದ ಮಗು ಅದನ್ನು ಗಟ್ಟಿಯಾಗಿ ಅಪ್ಪಿ ಹಿಡಿಯುತ್ತದೆ. ಹಿಂದಿನಿಂದ ಒಂದು ಕೈ ಬಂದು ಹೆಸರಿನ ಮೇಲಿನ ಅದರ ಪುಟ್ಟ ಅಂಗೈಯನ್ನು ಸರಿಸುತ್ತದೆ.

ಇನ್ನೊಂದು ತಮಾಷೆ. ಮೊಬೈಲಿನಲ್ಲಿ ಮುಖಕ್ಕೆ ಹಚ್ಚುವ ಕ್ರೀಮನ್ನು ಹೊಗಳುವ ಕಾಲೇಜು ಹುಡುಗಿ, ಅದಕ್ಕೆ ಹಣವನ್ನೋ ಉಡುಗೊರೆಯನ್ನೋ ಪಡೆದಿದ್ದರೆ ಅದು ಜಾಹೀರಾತು ಎಂದು ಬರೆಯಲೇಬೇಕು. ಭಾರತೀಯ ಜಾಹೀರಾತು ಮಾನಕ ಮಂಡಳಿಯ ಆ ಮಾರ್ಗಸೂಚಿ 2021ರ ಜೂನ್ 14ರಿಂದ ಇದೆ. ಪತ್ರಿಕೆಗಳೂ ಹಣ ಪಡೆದ ಬರಹದ ತಲೆಯ ಮೇಲೆ ‘ಜಾಹೀರಾತು’ ಎಂದು ಹಾಕಬೇಕು. ನೀವೂ ಹಾಕುತ್ತೀರಿ, ಭೂತಗನ್ನಡಿ ಬೇಕಾಗುವ ಅಕ್ಷರದಲ್ಲಾದರೂ. ಹಾಗಿದ್ದ ಮೇಲೆ ಕೋಟಿಗಟ್ಟಲೆಯ ಸಿನಿಮಾಕ್ಕೆ ಮಾತ್ರ ರಿಯಾಯಿತಿ ಯಾವ ಲೆಕ್ಕದಲ್ಲಿ?

ತಡ ಮಾಡಿದಷ್ಟೂ ಕಷ್ಟ, ಏಕೆಂದರೆ ಬಾಟಲಿ ಇಡಲು ಇನ್ನು ನನ್ನಂಥವರೂ ಬೇಕಾಗಿಲ್ಲ. ಅಮೆರಿಕದ ಹಾಸ್ಯ ಧಾರಾವಾಹಿಯೊಂದರ ಹಳೆಯ ಕಂತುಗಳು 2011ರಲ್ಲಿ ಮರುಪ್ರಸಾರವಾದಾಗ ಹಿಂದಿನ ಕಪಾಟಿನಲ್ಲಿ ಆ ವರ್ಷವಷ್ಟೇ ಬಿಡುಗಡೆಯಾಗುತ್ತಿದ್ದ ಸಿನಿಮಾದ ಜಾಹೀರಾತು ಕಾಣುತ್ತಿತ್ತು. ಕಂಪ್ಯೂಟರಿನಲ್ಲಿ ಕೂಡಿಸಿದ್ದು. ಹಳೆಯ ದೃಶ್ಯದ ಖಾಲಿ ಗೋಡೆಯನ್ನು ಈಗ ಮತ್ತೆ ಮತ್ತೆ ಮಾರಬಹುದು, ಮಂಗಳೂರಿನಲ್ಲಿ ಒಂದು, ಹುಬ್ಬಳ್ಳಿಯಲ್ಲಿ ಒಂದು ಹೆಸರು ತೋರಿಸಲೂಬಹುದು. ಫ್ಲೆಕ್ಸ್ ಬಂದಾಗ ಹೋದ ಕೆಲಸಕ್ಕೆ ಬದಲಾಗಿ ಸಿಕ್ಕಿದ ಕರಿ ಟೇಪಿನ ಕೆಲಸವೂ ಹೀಗೆ ಹೋಗುವ ದಾರಿ ಹಿಡಿದಿದೆ. ಇರಲಿ, ಅದು ನನ್ನ ಪಾಡು.

ತುಳು ಸಿನಿಮಾದ ಮಿತ್ರರು ಇದನ್ನು ಓದಿ ಮುನಿಸಿಕೊಳ್ಳಬಹುದು, ಅವರಿಗೆ ಒಂದು ಮಾತು. ನಿಮ್ಮ ಕಷ್ಟ ನನಗೆ ಗೊತ್ತು. 1971ರಲ್ಲಿ ಮೊದಲ ತುಳು ಸಿನಿಮಾ ಬಂದಂದಿನಿಂದ ನಮ್ಮ ಮಾರುಕಟ್ಟೆ ಎರಡು ಜಿಲ್ಲೆ, ಕಾಸರಗೋಡಿನ ಒಂದಿಷ್ಟು, ಮುಂಬಯಿ ಮತ್ತು ಗಲ್ಫಿನ ಜನ, ಇಷ್ಟೇ. ಚಿನ್ನದಂಗಡಿಯವರು, ಜವಳಿಯವರು, ಗೋಡಂಬಿಯವರು ಕೈಯೆತ್ತಿ ಕೊಡದಿದ್ದರೆ ಎಷ್ಟೋ ಸಿನಿಮಾಗಳ ಡಬ್ಬಿಂಗೇ ಮುಗಿಯುತ್ತಿರಲಿಲ್ಲ. ನಾಯಕಿಯ ಮದುವೆಗೆ ಅದೇ ಅಂಗಡಿಯಲ್ಲಿ ಒಡವೆ ಕೊಳ್ಳುವ ಹಾಡು ಬಂದರೆ ನಮ್ಮ ಜನ ಸಿಳ್ಳೆ ಹಾಕಿಯೇ ನೋಡುತ್ತಾರೆ. ಹಣ ತೆಗೆದುಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ನನ್ನ ಕೂಲಿಯೂ ಅದರಿಂದಲೇ ಬರುವುದು. ತೆಗೆದುಕೊಂಡದ್ದನ್ನು ಹೇಳಿ, ಹೇಳಿಯೇ ತೋರಿಸಿ. ಕೊಟ್ಟವರಿಗೂ ಅದರಿಂದ ಹೆಸರು ಒಂದು ಸಲ ಹೆಚ್ಚೇ ಬರುತ್ತದೆ. ಔಷಧಿಯ ಗುಣ, ರೋಗದ ಮಾತು, ಸಾಲದ ಆ್ಯಪು, ಇವನ್ನು ಮಾತ್ರ ಪಾತ್ರಗಳ ಬಾಯಿಗೆ ತುರುಕಬೇಡಿ. ಮಕ್ಕಳ ಕಾರ್ಯಕ್ರಮಗಳನ್ನು ಬಿಟ್ಟುಬಿಡಿ. ವಾರ್ತಾ ಮತ್ತು ಪ್ರಸಾರ ಸಚಿವಾಲಯ ಇದನ್ನೆಲ್ಲ ನಿಯಮವಾಗಿ ಬರೆಯುವವರೆಗೆ ಕಾಯಬೇಕಾಗಿಯೂ ಇಲ್ಲ. ನಮ್ಮ ಕರಾವಳಿಯ ನಿರ್ಮಾಪಕರೇ ಮುಂದಿನ ಸಿನಿಮಾದಿಂದ ಶುರು ಮಾಡಬಹುದು.

ಹಾಗೆ ಮಾಡುವುದಾದರೆ ಅಕ್ಷರದ ವಿಷಯದಲ್ಲಿ ಒಂದೆರಡು ಮಾತು ಕೇಳಿಕೊಳ್ಳಿ, ಇದು ನನ್ನ ಕ್ಷೇತ್ರ. ಬೋರ್ಡಿನವರ ಹಳೆಯ ಲೆಕ್ಕದಲ್ಲಿ ಒಂದು ಅಂಗುಲ ಎತ್ತರದ ಅಕ್ಷರ ಹತ್ತು ಅಡಿ ದೂರಕ್ಕೆ ಸಲೀಸಾಗಿ ಓದಲು ಬರುತ್ತದೆ. ಮನೆಯ ಟಿವಿಗೂ ಕುರ್ಚಿಗೂ ಇರುವ ದೂರ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಒಂದು ಅಂಗುಲಕ್ಕಿಂತ ಸಣ್ಣದು ಬೇಡ. ಓಡುವ ಪಟ್ಟಿ ಬೇಡವೇ ಬೇಡ, ನಿಂತ ಕಾರ್ಡು ಇರಲಿ, ನನ್ನ ಅಕ್ಕನಂಥವರು ಕನ್ನಡಕ ಹುಡುಕಿ ಹಾಕಿಕೊಂಡು ಓದುವಷ್ಟು ಹೊತ್ತು. ಇಂಗ್ಲಿಷಿನ ಅಳತೆಯಲ್ಲಿ ಸಾಲು ಹಾಕಿದರೆ ಕನ್ನಡದ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ, ಸಾಲುಗಳ ನಡುವೆ ಜಾಗ ಬಿಡಿ. ಕರಿ ನೆಲಕ್ಕೆ ಹಳದಿ ಅಕ್ಷರ ಚೆನ್ನಾಗಿ ಕಾಣುತ್ತದೆ. ಬಂಗಾರದ ಬಣ್ಣ, ಮಿಣಮಿಣ ಹೊಳಪು ಹಾಕಿದರೆ ಓದಬಾರದೆಂದೇ ಹಾಕಿದ್ದೀರಿ ಎಂದು ನಾನು ತಿಳಿದುಕೊಳ್ಳುತ್ತೇನೆ.

ಇತಿ,
ಒಬ್ಬ ಬೋರ್ಡ್ ಕಲಾವಿದ
ಮಣ್ಣಗುಡ್ಡ, ಮಂಗಳೂರು